ಮುನಿನಾರಾಯಣಪ್ಪನವರ ಟೈರು ಕಿರುಚಿದ್ದು

ಹೊಸ ತಿಪ್ಪಸಂದ್ರದ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಮುನಿನಾರಾಯಣಪ್ಪನವರು ಕಾರು ತಿರುಗಿಸಿದರೆ ಅತ್ತ ಕೋಲಾರದಲ್ಲಿ ಎಮ್ಮೆಗಳು ಹಾಲು ಬಿಗಿಹಿಡಿಯುತ್ತಿದ್ದವು. ಹೆಚ್ಚು ಹೇಳುತ್ತಿದ್ದೇನೆ ಎಂದು ಅನ್ನಿಸಿದವರು ಹೋಗಿ ಎಮ್ಮೆಗಳನ್ನೇ ವಿಚಾರಿಸಬಹುದು. ನಾನು ಸುಳ್ಳು ಹೇಳುವ ಪೈಕಿಯವನಲ್ಲ. ಪಕ್ಕದ ವಿಮಾನ ಕಾರ್ಖಾನೆಯಲ್ಲಿ ಜೀವ ಸವೆಸಿದವನು. ಈ ಶ್ರೀನಾಥ ‘ಹೂಂ’ ಅನ್ನದೆ ಅಲ್ಲಿ ಒಂದು ವಿಮಾನವೂ ನೆಲ ಬಿಡುತ್ತಿರಲಿಲ್ಲ. ನಾನಿದ್ದದ್ದು ಕ್ಯಾಂಟೀನಿನಲ್ಲಿ ಎಂಬುದು ಸಣ್ಣ ವಿಷಯ. ಉಪ್ಪಿಟ್ಟು ತಿನ್ನದ ಇಂಜಿನಿಯರು ಏನನ್ನು ತಾನೇ ಹಾರಿಸಿಯಾನು?

ಮುನಿನಾರಾಯಣಪ್ಪನವರ ಅಪ್ಪ ರಾಗಿ, ಸೊಪ್ಪು ಬೆಳೆಯುತ್ತಿದ್ದ ಹೊಲದ ಮೇಲೇ ನಮ್ಮ ಅಪಾರ್ಟ್‌ಮೆಂಟು ನಿಂತಿದೆ. ಹೊಲ ಕೊಟ್ಟು ಮಹಡಿ ಪಡೆದ ಮಹಾನುಭಾವರು ನಮ್ಮ ಯಜಮಾನರು. ಹಾಗಾಗಿ ಸಂಘದ ಖಾಯಂ ಅಧ್ಯಕ್ಷರೂ ಅವರೇ. ಪ್ರತಿವರ್ಷ ಚುನಾವಣೆ ನಡೆಯುತ್ತದೆ, ನಿಲ್ಲುವವರು ಮಾತ್ರ ಅವರೊಬ್ಬರೇ. ಅರವತ್ತು ತುಂಬಿದ ಮೇಲೆ ಅವರಿಗೆ ಕಾರು ಕಲಿಯುವ ಹುಚ್ಚು ಹತ್ತಿತು. ಕಲಿತರು ಎಂದು ಸರ್ಕಾರ ಲೈಸೆನ್ಸನ್ನೂ ಕೊಟ್ಟಿತು. ಸರ್ಕಾರದ ಔದಾರ್ಯಕ್ಕೆ ಎಲ್ಲೆ ಎಲ್ಲಿದೆ? ಆಮೇಲೆ ಒಂದು ಬಿಳಿ ಕಾರು ತಂದರು. ಅದರ ನೆರಳಿನಲ್ಲಿ ನೂರು ಎಲೆ ಹಾಕಿ ಊಟಕ್ಕೆ ಕೂರಿಸಬಹುದಿತ್ತು.

ಓಡಿಸುವ ವೇಗವೋ! ಅವರ ಕಾರಿನ ಗಾಜಿಗೆ ಬಡಿದು ಸತ್ತ ನೊಣ ಒಂದೂ ಇಲ್ಲ. ಕೂತು ದಣಿವಾರಿಸಿಕೊಂಡು ಹೋದ ನೊಣಗಳಿಗೆ ಲೆಕ್ಕವಿಲ್ಲ. ಮಾರ್ಕೆಟ್ ರಸ್ತೆಯಲ್ಲಿ ತಳ್ಳುಗಾಡಿಯ ಮಜೀದಾ ಹಿಂದಿನಿಂದ, “ಯಜಮಾನ್ರೇ, ಸ್ವಲ್ಪ ಸೈಡ್ ಬಿಡಿ, ಕೊತ್ತಂಬ್ರಿ ಬಾಡೋಗ್ತದೆ” ಎಂದು ಕೂಗಿ ಮುಂದೆ ಹೋಗಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅವರ ಹೆಂಡತಿ ಕಾವೇರಮ್ಮ ಆ ಕಾರು ಹತ್ತುವುದನ್ನು ಎಂದೋ ಬಿಟ್ಟಿದ್ದರು. “ನಂಗೆ ಅರ್ಜೆಂಟಾಗಿ ಹೋಗ್ಬೇಕು, ನಡ್ಕೊಂಡೇ ಹೋಯ್ತೀನಿ” ಎನ್ನುತ್ತಿದ್ದರು.

ಇಂಥ ಮನುಷ್ಯನಿಗೆ ವೇಗದ ಹುಲಿ ಎಂಬ ಹೆಸರು ಹೇಗೆ ಬಂತು? ಅದೇ ಕಥೆ.

ಕೃಷ್ಣರಾಜಪುರದ ಒಂದು ಕಲ್ಯಾಣ ಮಂಟಪದಲ್ಲಿ ಯಾರದೋ ಮದುವೆ ಉಂಡು ಬಂದ ಯಜಮಾನರು ಅಲ್ಲಿಯ ಪಾರ್ಕಿಂಗಿನ ನೆಲಕ್ಕೆ ಮರುಳಾದರು. ಹಸಿರು ಬಣ್ಣ, ಕನ್ನಡಿಯ ನುಣುಪು. ಅದೇ ಕಂಟ್ರಾಕ್ಟರನ್ನು ಹಿಡಿದು ತಂದು ನಮ್ಮ ನೆಲಮಾಳಿಗೆಗೂ ಅದನ್ನೇ ಬಳಿಸಿದರು. “ಏರ್‌ಪೋರ್ಟ್ ಇದ್ದಂಗಿಲ್ವೇನ್ರೀ ಶ್ರೀನಾಥ್?” ಎಂದರು. ಇತ್ತು. ಬಗ್ಗಿ ನೋಡಿಕೊಂಡು ಗಡ್ಡ ಹೆರೆಯಬಹುದಿತ್ತು. ಮರುದಿನ ಬೆಳಿಗ್ಗೆ ಯಜಮಾನರು ಕಾರು ಹೊರತೆಗೆದರು. ಕಂಬದ ಬಳಿ ಸ್ಟೇರಿಂಗ್ ತಿರುಗಿಸಿದರು.

ಕೀಈಈಈಚ್!

ನಾಲ್ಕನೇ ಮಹಡಿಯಲ್ಲಿ ಹಾಲು ಉಕ್ಕಿತು. ಮೂರನೇ ಮಹಡಿಯಲ್ಲಿ ನಿಖಿತಾ ಎಂಬ ಹುಡುಗಿ ಹಲ್ಲುಜ್ಜುವ ಬ್ರಶ್ಶನ್ನೇ ಕಚ್ಚಿ ತುಂಡು ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ವಾಟ್ಸಾಪ್ ಗುಂಪು ಹೊತ್ತಿ ಉರಿಯುತ್ತಿತ್ತು. ಭಾನುವಾರ ಸಂಘದ ಸಭೆ ಸೇರಿತು.

“ಅಂಕಲ್, ಪ್ಲೀಸ್, ಬೇಸ್‌ಮೆಂಟ್‌ನಲ್ಲಿ ಡ್ರಿಫ್ಟಿಂಗ್ ಮಾಡ್ಬೇಡಿ. ಮಕ್ಳು ಸೈಕಲ್ ಹೊಡೀತಿರ್ತಾರೆ” ಎಂದಳು ನಿಖಿತಾ.

ಯಜಮಾನರು ನನ್ನ ಕಿವಿಗೆ ಬಾಗಿದರು. “ಏನ್ರೀ ಅದು, ಡ್ರಿಫ್ಟಿಂಗು?”

“ಕಾರನ್ನ ಅಡ್ಡಡ್ಡ ಹಾರಿಸೋದು ಯಜಮಾನ್ರೇ. ಪ್ರಾಣದ ಆಸೆ ಬಿಟ್ಟ ಹುಡುಗ್ರು ಮಾಡೋದು.”

ಅವರ ಮುಖದಲ್ಲಿ ಮೊದಲು ಗಾಬರಿ ಬಂತು. ಆಮೇಲೆ ಯೋಚನೆ. ಆಮೇಲೆ ನಿಧಾನವಾಗಿ, ಅವರ ಕಾರಿನಷ್ಟೇ ನಿಧಾನವಾಗಿ, ಒಂದು ಮುಗುಳ್ನಗೆ. ಮೀಸೆಯ ಮೇಲೆ ಕೈಯಾಡಿಸಿ, “ಆಯ್ತು ಕಣಮ್ಮ. ಏನ್ ಮಾಡೋದು, ನಮ್ ರಕ್ತಾನೇ ಅಂಥದ್ದು. ಕಂಟ್ರೋಲ್ ಮಾಡ್ಕೋತೀನಿ” ಎಂದರು.

ಸಭೆಗೆ ಸಭೆಯೇ ಉಸಿರು ಬಿಗಿಹಿಡಿಯಿತು. ಅಲ್ಲಿ ಕೂತಿದ್ದವರಲ್ಲಿ ಪದವಿ ಮೇಲೆ ಪದವಿ ಪೇರಿಸಿದವರಿದ್ದರು. ಕೆಳಗಿಳಿದು ಆ ಕಾರು ತಿರುಗುವುದನ್ನು ಒಮ್ಮೆ ನೋಡೋಣ ಎಂದು ಒಬ್ಬರಿಗೂ ತೋಚಲಿಲ್ಲ. ಕಣ್ಣಿನ ಕೆಲಸವನ್ನು ಕಿವಿಗೆ ವಹಿಸಿದ ಜನ! ಸದ್ದು ಬಂದರೆ ವೇಗ ಎಂದು ಲೆಕ್ಕ. ಹಾಗಾದರೆ ಒದ್ದೆ ಸ್ಟೀಲ್ ತಟ್ಟೆಯ ಮೇಲೆ ಬೆರಳು ಉಜ್ಜಿ ನೋಡಿ. ಕಿರುಚುತ್ತದೆ. ಬೆರಳು ಎಷ್ಟು ವೇಗದಲ್ಲಿತ್ತು? ಟೈರಿನದೂ ಅದೇ ಹಾಡು. ತಿರುವಿನಲ್ಲಿ ಚಕ್ರ ಒಂದು ಕಡೆ ನೋಡುತ್ತದೆ, ಕಾರಿನ ಭಾರ ಇನ್ನೊಂದು ಕಡೆ ನೂಕುತ್ತದೆ. ನಡುವೆ ಸಿಕ್ಕ ರಬ್ಬರು ನೆಲವನ್ನು ಕಚ್ಚಿ ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನೂರಾರು ಸಲ. ಆ ನಡುಕವೇ ಕಿರುಚಾಟ. ಡಾಂಬರು ರಸ್ತೆಯಲ್ಲಿ ಅದನ್ನು ಹೊರಡಿಸಲು ಹುಚ್ಚುವೇಗ ಬೇಕು. ಕನ್ನಡಿಯಂಥ ಬಣ್ಣದ ನೆಲದ ಮೇಲೆ ತೆವಳಿದರೂ ಸಾಕು. ಸಾಲದ್ದಕ್ಕೆ ನಮ್ಮ ಯಜಮಾನರು ವಂಶಪಾರಂಪರ್ಯವಾಗಿ ಎತ್ತಿನಗಾಡಿ ತಿರುಗಿಸಿದವರು. ಗಾಡಿ ನಿಂತಲ್ಲೇ ಸ್ಟೇರಿಂಗನ್ನು ಮೂಗುದಾರ ಎಳೆದಂತೆ ಕೊನೆಯವರೆಗೂ ಎಳೆಯುತ್ತಿದ್ದರು. ಟೈರು ಕಿರುಚದೆ ಸುಪ್ರಭಾತ ಹೇಳೀತೆ?

ಇದನ್ನೆಲ್ಲ ನಾನು ಸಭೆಯಲ್ಲಿ ಹೇಳಲಿಲ್ಲ. ಯಜಮಾನರ ಮನೆಯ ನಾಟಿಕೋಳಿ ಸಾರು ಭಾನುವಾರ ತಪ್ಪದೆ ನಮ್ಮ ಮನೆಗೆ ಬರುತ್ತಿತ್ತು. ವಿಜ್ಞಾನಕ್ಕಿಂತ ಸಾರು ದೊಡ್ಡದು.

ಸುದ್ದಿ ಮಾತ್ರ ಕಾಲು ಬಂದು ಓಡಿತು. ವಾರದೊಳಗೆ ಮಾರ್ಕೆಟ್ ರಸ್ತೆಯ ಹುಡುಗರು ಅವರನ್ನು ಕಂಡರೆ “ನಮಸ್ಕಾರ ಗುರು!” ಎನ್ನತೊಡಗಿದರು. ಕುಕ್ ಟೌನಿನ ಹಳೇ ಬಂಗಲೆಯ ಗೆಳೆಯರೊಬ್ಬರು ಫೋನು ಮಾಡಿ, ವಯಸ್ಸಾದ ಕಾಲಕ್ಕೆ ರೇಸು ಬೇಡ ಎಂದು ಬುದ್ಧಿ ಹೇಳಿದರು. ಬುದ್ಧಿಮಾತು ಕೇಳಿ ಇಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಕಂಡಿಲ್ಲ. ಕೃಷ್ಣರಾಜಪುರದಲ್ಲಿದ್ದ ಅವರ ಅಕ್ಕ ಅಕ್ಕಯಮ್ಮನಂತೂ ತಮ್ಮನ ಪ್ರತಾಪವನ್ನು ಬೀದಿ ಬೀದಿಗೆ ಹಂಚಿದಳು. “ನನ್ ತಮ್ಮ ಗಾಡಿ ತಿರುಗಿಸಿದ್ರೆ ಟೈರು ಬಾಯ್ ಬಡ್ಕೊಂತದೆ ಕಣ್ರೇ! ಪೊಲೀಸ್ನೋರೇ ಹೆದ್ರಿ ದಾರಿ ಬಿಡ್ತಾರೆ.”

ಹೀಗೆ ಸುಖವಾಗಿದ್ದಾಗ ಒಂದು ಅನಾಹುತ ನಡೆಯಿತು. ಟೈರು ಸುಮ್ಮನಾಯಿತು.

ನಮ್ಮ ಕಾವಲಿನ ಹುಸೇನಪ್ಪ ರಾಯಚೂರು ಕಡೆಯವನು. ಊರಲ್ಲಿ ಟೆಂಪೋ ಓಡಿಸಿದ್ದವನು. ಕಾರು ತೊಳೆಯುವಾಗ ಟೈರು ಮೆತ್ತಗಿದ್ದದ್ದನ್ನು ನೋಡಿ, ಉಪಕಾರವಾಗಲಿ ಎಂದು ಗಾಳಿ ತುಂಬಿಸಿಕೊಂಡು ಬಂದಿದ್ದ.

“ಗಾಳಿ ಭಾಳ ಕಡಿಮಿ ಇತ್ರೀ ಯಜಮಾನ್ರ. ಈಗ ಬೆಣ್ಣಿ ಹಂಗ ತಿರುಗ್ತದ ನೋಡ್ರಿ” ಎಂದ.

“ನಿನ್ನ ಯಾರಯ್ಯ ಕೇಳಿದ್ದು ಬೆಣ್ಣೆ?” ಎಂದು ಯಜಮಾನರು ಸಿಡಿದರು.

ಸಿಡಿಯದೆ ಏನು ಮಾಡಿಯಾರು? ಎರಡು ದಿನದಲ್ಲಿ ನಿಖಿತಾ ಲಿಫ್ಟಿನಲ್ಲಿ ಸಿಕ್ಕು, “ಅಂಕಲ್, ಹುಷಾರಾಗಿದ್ದೀರಾ? ಸದ್ದೇ ಇಲ್ಲ?” ಎಂದು ಮರುಕದಿಂದ ಕೇಳಿದ್ದಳು. ಅಂದೇ ಸಂಜೆ ನನ್ನನ್ನು ಕೂರಿಸಿಕೊಂಡು ಶಿವಾಜಿನಗರಕ್ಕೆ ಹೊರಟರು. ಅಲ್ಲಿ ಮಂಜೂರ್ ಎಂಬುವನ ಟೈರು ಅಂಗಡಿ. ಯಜಮಾನರು ವೈದ್ಯರ ಮುಂದೆ ಕೂತ ರೋಗಿಯ ದನಿಯಲ್ಲಿ ಕಷ್ಟ ಹೇಳಿಕೊಂಡರು.

ಮಂಜೂರ್ ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದ. “ಅರೇ ಸಾಬ್! ಸದ್ದು ಬರ್ತದೆ, ತೆಗೀರಿ ಅಂತ ದುನಿಯಾನೇ ಬರ್ತದೆ. ಸದ್ದು ಹೋಯ್ತು, ವಾಪಸ್ ಹಾಕಿ ಅಂತ ಬಂದಿದ್ದು ನೀವೇ ಫಸ್ಟು.”

“ಆಗುತ್ತೋ ಇಲ್ವೋ ಹೇಳಪ್ಪ.”

“ಹವಾ ಇಳಿಸಿದ್ರೆ ಟೈರ್ ಮಡಚ್ಕೊಂತದೆ, ಅಂಚು ನೆಲಕ್ಕೆ ಉಜ್ತದೆ, ಚೀರ್ತದೆ. ಲೇಕಿನ್ ಲೋಡ್ ಹಾಕ್ಬೇಡಿ. ಕಲ್ಲಿಗೆ ತಾಗಿಸ್ಬೇಡಿ. ರಿಮ್ ಬಿಟ್ಟು ಆಚೆ ಬಂದ್ಬಿಡ್ತದೆ, ಆಮೇಲೆ ಮಂಜೂರ್ ಹೇಳ್ಲಿಲ್ಲ ಅನ್ಬೇಡಿ.”

“ನಮ್ದು ಖಾಲಿ ಗಾಡಿ ಕಣಪ್ಪ. ಇಳ್ಸು, ಇಳ್ಸು.”

ಪುಸ್ಸೆಂದು ಗಾಳಿ ಇಳಿಯುತ್ತಿದ್ದರೆ ಯಜಮಾನರ ಎದೆ ಅಷ್ಟಷ್ಟೇ ಉಬ್ಬುತ್ತಿತ್ತು. ಆ ರಾತ್ರಿ ನೆಲಮಾಳಿಗೆಯಲ್ಲಿ ಎದ್ದ ಚೀತ್ಕಾರಕ್ಕೆ ಇಂದಿರಾನಗರದ ನಾಯಿಗಳೆಲ್ಲ ಒಕ್ಕೊರಲಿನಿಂದ ಉತ್ತರ ಕೊಟ್ಟವು.

ಅಷ್ಟರಲ್ಲಿ ಅಕ್ಕಯಮ್ಮನ ಮಗಳು ಧನಲಕ್ಷ್ಮಿಯ ಮದುವೆ ಗೊತ್ತಾಯಿತು. ತಂದೆಯಿಲ್ಲದ ಹುಡುಗಿ, ಯಜಮಾನರ ಹೆಗಲ ಮೇಲೆ ಬೆಳೆದವಳು. ಮಂಟಪ, ಆ ಹಸಿರು ನೆಲದ ಮಂಟಪವೇ. ಇವರ ಕಡೆ ಒಂದು ಕಟ್ಟಳೆಯಿದೆ: ಹೆಣ್ಣನ್ನು ಸೋದರಮಾವ ಕೈಹಿಡಿದು ಕರೆತಂದು ಹಸೆಮಣೆಗೆ ಕೂರಿಸಬೇಕು. ಅವನು ಬಾರದೆ ಹುಡುಗಿ ಕೋಣೆಯಿಂದ ಹೆಜ್ಜೆ ಇಡುವಂತಿಲ್ಲ. ಧನಲಕ್ಷ್ಮಿಗೆ ಇದ್ದ ಸೋದರಮಾವ ಇವರೊಬ್ಬರೇ.

ಇಂಥವರನ್ನು ಹಿಂದಿನ ದಿನವೇ ಹಗ್ಗ ಕಟ್ಟಿ ಮಂಟಪದಲ್ಲಿ ಕೂರಿಸಬೇಕಿತ್ತು. ಬುದ್ಧಿಯಿದ್ದ ಕಾವೇರಮ್ಮ ಹಿಂದಿನ ದಿನವೇ ಬಸ್ಸಿನಲ್ಲಿ ಹೋದರು. ಅಕ್ಕಯಮ್ಮ ಮಾತ್ರ ಫೋನಿನಲ್ಲಿ, “ಲೋ ನಾರಾಯಣ, ಹೂವಿನೋರು ಕೈ ಕೊಟ್ರು ಕಣೋ. ಬೆಳಿಗ್ಗೆ ಶಿವಾಜಿನಗರದಿಂದ ಹಾರ ತಂದ್ಬಿಡು. ಹಂಗೇ ಹಲಸೂರಲ್ಲಿ ವಾಲಗದ ಮುನಿವೆಂಕಟಪ್ಪನ್ನೂ ಎತ್ತಾಕ್ಕೊಂಡು ಬಾ. ಬ್ಯಾರೆಯೋರಿಗೆ ಹೇಳಿದ್ರೆ ಮಧ್ಯಾಹ್ನ ಮಾಡ್ತಾರೆ. ನಿಂಗೇನು, ಎರಡು ತಿರುವು ಕೀಚ್ ಕೀಚ್ ಅನ್ಸಿದ್ರೆ ಬಂದೇ ಬಿಡ್ತೀಯ” ಎಂದಳು.

ಆಗ ಯಜಮಾನರು ‘ಅಕ್ಕ, ನನ್ನನ್ನು ಹಸುವಿನ ಕರು ಹಿಂದಿಕ್ಕುತ್ತದೆ’ ಎಂದು ಒಪ್ಪಿಕೊಂಡಿದ್ದರೆ ಕಥೆ ಮುಗಿಯುತ್ತಿತ್ತು. “ಅದೇನ್ ಮಹಾ ಬಿಡಕ್ಕ” ಎಂದರು.

ಮದುವೆಯ ದಿನ ಹೊತ್ತು ಮೂಡುವ ಮೊದಲೇ ಹೊರಟೆವು. ಯಜಮಾನರು ರೇಷ್ಮೆ ಪಂಚೆ, ಜರಿ ಪೇಟದಲ್ಲಿ ಸ್ಟೇರಿಂಗ್ ಹಿಡಿದರು. ಪಕ್ಕದಲ್ಲಿ ನಾನು. ಹಿಂದೆ ಸಾಮಾನು ಹೊರಲು ಹುಸೇನಪ್ಪ. ಶಿವಾಜಿನಗರ ತಲುಪುವ ಹೊತ್ತಿಗೆ ಮೊಗ್ಗಾಗಿದ್ದ ಮಲ್ಲಿಗೆ ಅರಳಿತ್ತು. ಹಲಸೂರು ತಲುಪುವ ಹೊತ್ತಿಗೆ ಹಾರದ ಅರ್ಧ ಗುಲಾಬಿ ನಿವೃತ್ತಿಯಾಗಿತ್ತು. ಅಲ್ಲಿ ಮುನಿವೆಂಕಟಪ್ಪ ನಾಗಸ್ವರ ಹಿಡಿದು ಹತ್ತಿದ. ಜೊತೆಗೆ ಡೋಲಿನವನು. ಅವನು ತನ್ನ ಡೋಲಿಗಿಂತ ಎರಡು ಸುತ್ತು ದಪ್ಪ. ಅವನು ಕೂತೊಡನೆ ಕಾರು ಆ ಕಡೆಗೆ ವಾಲಿ ನಿಟ್ಟುಸಿರು ಬಿಟ್ಟಿತು.

“ಯಜಮಾನ್ರ, ಟೈರ್ ಹೊಟ್ಟಿ ನೆಲಕ್ಕ ತಾಗ್ಲಿಕತ್ಯದ್ರೀ” ಎಂದ ಹುಸೇನಪ್ಪ.

“ನೀನ್ ಸುಮ್ನಿರು ಬೆಣ್ಣೆ” ಎಂದರು ಯಜಮಾನರು.

ಹಳೇ ಮದರಾಸು ರಸ್ತೆಯಲ್ಲಿ ನಮ್ಮನ್ನು ದಾಟದೆ ಉಳಿದದ್ದು ಕರೆಂಟು ಕಂಬಗಳು ಮಾತ್ರ. ಬೆನ್ನಿಗಾನಹಳ್ಳಿ ಮೆಟ್ರೋ ನಿಲ್ದಾಣದ ಹತ್ತಿರ ಹಿಂದಿನ ಬಸ್ಸಿನವನು ಹಾರ್ನನ್ನು ಒತ್ತಿ ಹಿಡಿದ. ಬೆಚ್ಚಿದ ಯಜಮಾನರು ಮೂಗುದಾರ ಎಳೆದೇಬಿಟ್ಟರು. ಕಾರು ಫುಟ್‌ಪಾತಿನ ಕಲ್ಲಿಗೆ ಕೆನ್ನೆ ಸವರಿತು. ‘ಬುಸ್ಸ್’ ಎಂದಿತು. ಮಂಜೂರ್ ಹೇಳಿದ ಭವಿಷ್ಯ ಅಕ್ಷರಶಃ ನಿಜವಾಯಿತು. ಟೈರು ರಿಮ್ಮಿನಿಂದ ಅರ್ಧ ಆಚೆ ಬಂದು ನಾಲಗೆ ಚಾಚಿ ಮಲಗಿತ್ತು.

ಅದೇ ಗಳಿಗೆಗೆ ಅಕ್ಕಯಮ್ಮನ ಫೋನು ಬರಬೇಕೆ? ಆ ದನಿಗೆ ಸ್ಪೀಕರ್ ಬೇಕಿರಲಿಲ್ಲ.

“ಲೋ! ಎಲ್ಲವ್ನೆ ಸೋದರಮಾವ ಅಂತ ಪುರೋಹಿತ್ರು ಬಾಯ್ ಬಾಯ್ ಬಡ್ಕೊಂತಾವ್ರೆ! ಇನ್ನರ್ಧ ಗಂಟೆಗೆ ರಾಹುಕಾಲ. ಗಂಡಿನೋರು, ನಿಮ್ ತಮ್ಮ ಬರ್ದಿದ್ರೆ ನಮ್ ಕಡೆಯೋರೇ ಯಾರಾದ್ರೂ ಕರ್ಕೊಂಡ್ ಬರ್ತಾರೆ ಅಂತಾವ್ರೆ. ನಮ್ಗೆ ಗಂಡಸ್ರು ಗತಿ ಇಲ್ವೇನೋ? ಈ ಹುಡ್ಗಿ ನೋಡಿದ್ರೆ, ನಮ್ ಮಾವ ಬರ್ದೆ ಏಳಲ್ಲ, ಮದ್ವೆ ನಿಂತ್ರೂ ಏಳಲ್ಲ ಅಂತ ಕೂತವ್ಳೆ!”

“ಹಲಸೂರು ಬಿಟ್ಟೆ ಅಕ್ಕ... ಬಂದೆ” ಎಂದರು ಯಜಮಾನರು. ಹಲಸೂರು ಬಿಟ್ಟದ್ದು ನಿಜವೇ. ಯಾವ ಯುಗದಲ್ಲಿ ಎಂದು ಅಕ್ಕ ಕೇಳಲಿಲ್ಲ.

“ಸ್ಟೆಪ್ನಿ ಹಾಕ್ಲಿಕ್ಕ ಟೈಮ್ ಬೇಕ್ರಿ” ಎಂದ ಹುಸೇನಪ್ಪ.

ನಾನು ಮೇಲೆ ತೋರಿಸಿದೆ. ಮೆಟ್ರೋ ರೈಲು ತಣ್ಣಗೆ ಹಾದುಹೋಗುತ್ತಿತ್ತು. “ಒಂದೇ ಸ್ಟೇಷನ್ ಯಜಮಾನ್ರೇ. ಇಳಿದ್ರೆ ಮಂಟಪ ಎದುರಿಗೇ ಇದೆ.”

“ಮೆಟ್ರೋನಾ?” ಯಜಮಾನರು ಕಾರಿಗೆ ಆತುಕೊಂಡರು. “ನಾನು ಮೆಟ್ರೋದಲ್ಲಿ ಹೋಗಿ ಇಳಿದ್ರೆ ನನ್ ಮರ್ಯಾದೆ ಏನ್ರೀ ಶ್ರೀನಾಥ್?”

“ಮರ್ಯಾದೆ ಕಾರಲ್ಲೇ ಇರ್ಲಿ, ಹುಸೇನಪ್ಪ ನೋಡ್ಕೋತಾನೆ. ನೀವು ಬನ್ನಿ. ಅಲ್ಲಿ ಹುಡ್ಗಿ ಕೂತಿದ್ದಾಳೆ.”

ಕೊನೆಯ ಮಾತಿಗೆ ಅವರು ಕದಲಿದರು. ಕದಲಿದ್ದಲ್ಲ, ಪಂಚೆ ಎತ್ತಿ ಕಟ್ಟಿ ಓಡಿದರು. ಆ ಮನುಷ್ಯನ ಕಾಲಲ್ಲಿದ್ದ ವೇಗದ ಕಾಲು ಭಾಗ ಕಾರಿನಲ್ಲಿದ್ದಿದ್ದರೆ ನಾವು ಹಿಂದಿನ ದಿನವೇ ತಲುಪಿರುತ್ತಿದ್ದೆವು. ಹಾರದ ಬುಟ್ಟಿ ಹೊತ್ತು ನಾನು, ನನ್ನ ಹಿಂದೆ ವಾಲಗ, ಅದರ ಹಿಂದೆ ಡೋಲು. ನಿಲ್ದಾಣದ ಬಾಗಿಲಲ್ಲಿ ತಪಾಸಣೆಯ ಹೆಂಗಸು ತಡೆದಳು.

“ಇದೇನ್ ಸರ್ ಇದು, ಉದ್ದಕ್ಕೆ?”

“ನಾಗಸ್ವರಂ ಅಮ್ಮಾ, ಮಂಗಳವಾದ್ಯ” ಎಂದ ಮುನಿವೆಂಕಟಪ್ಪ, ಏದುಸಿರು ಬಿಡುತ್ತ. “ಡೌಟಿದ್ರೆ ಒಂದ್ ಕೀರ್ತನೆ ಊದಿಬಿಡ್ಲಾ?”

“ಅಯ್ಯೋ, ಊದ್ಬೇಡಿ! ಮಷೀನ್‌ಗೆ ಹಾಕಿ.”

ನಾಗಸ್ವರ ಹೋಯಿತು, ಹಾರ ಹೋಯಿತು, ಯಜಮಾನರ ಪೇಟವೂ ಹೋಗಿ ಬಂತು. ಡೋಲಿನವನು ತಾನೂ ಮಷೀನಿನೊಳಗೆ ಮಲಗಬೇಕೇನೋ ಎಂದು ಬಗ್ಗಿದ್ದ, ಎಳೆದುಕೊಂಡೆವು. ರೈಲು ಬಂತು. ಕೆಳಗೆ ಹಳೇ ಮದರಾಸು ರಸ್ತೆಯಲ್ಲಿ ಲಾರಿ, ಬಸ್ಸು, ಕಾರು ಎಲ್ಲವೂ ತೇರಿನ ಹಗ್ಗ ಕಡಿದಂತೆ ನಿಂತಿದ್ದವು. ಯಜಮಾನರು ಕಿಟಕಿಯಿಂದ ನೋಡಿ, “ಛೇ, ಏನ್ ನಿಧಾನ ಓಡಿಸ್ತಾರ್ರೀ ಜನ” ಎಂದರು.

ಮಂಟಪದ ಹಿಂಬಾಗಿಲಿನಿಂದ ನುಗ್ಗಿದೆವು. ಕೋಣೆಯಲ್ಲಿ ಧನಲಕ್ಷ್ಮಿ ಬಾಸಿಂಗ ಕಟ್ಟಿಕೊಂಡು, ಮೂಗು ಕೆಂಪಗೆ ಮಾಡಿಕೊಂಡು ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಅವಳನ್ನು ಎಬ್ಬಿಸಲು ಬಂದ ಗಂಡಿನ ಕಡೆಯ ಹೆಂಗಸರು ಸೋತು ಸುತ್ತ ನಿಂತಿದ್ದರು.

“ಮಾವ!” ಎಂದಳು. “ನೀನು ಬರ್ತೀಯ ಅಂತ ನಂಗೊತ್ತಿತ್ತು.”

ಯಜಮಾನರು ಪೇಟ ಸರಿಮಾಡಿಕೊಂಡರು. ಕೈ ಚಾಚಿದರು. ಮುನಿವೆಂಕಟಪ್ಪ ಓಡಿ ಬಂದ ಉಸಿರನ್ನೆಲ್ಲ ನಾಗಸ್ವರಕ್ಕೇ ಸುರಿದ. ಗಟ್ಟಿಮೇಳ ಮೊಳಗಿತು. ರಾಹುಕಾಲ ಹೊಸಿಲ ಆಚೆ ಚಪ್ಪಲಿ ಕಳಚುತ್ತಿದ್ದಾಗ ಈಚೆ ತಾಳಿ ಬಿದ್ದಿತು.

ಊಟದ ಮನೆಯಲ್ಲಿ ಎಲೆ ಹಾಕಿದ ಮೇಲೆ ವಿಚಾರಣೆ ಶುರುವಾಯಿತು. ಗಂಡಿನ ದೊಡ್ಡಪ್ಪ ಎಂಬುವರು ಎಲ್ಲದರಲ್ಲೂ ಕಲ್ಲು ಹುಡುಕುವ ಜಾತಿಯ ಮನುಷ್ಯ, ಪಾಯಸದಲ್ಲೂ. “ಅಲ್ರೀ, ಫೋನ್ ಮಾಡ್ದಾಗ ಹಲಸೂರು ಬಿಟ್ಟೆ ಅಂದ್ರಂತೆ. ಇಷ್ಟು ಬೇಗ ಹೆಂಗ್ರೀ ಬಂದ್ರಿ, ಈ ಟ್ರಾಫಿಕ್‌ನಲ್ಲಿ?”

“ನಾನ್ ಹೇಳ್ಲಿಲ್ವ?” ಎಂದು ಅಕ್ಕಯಮ್ಮ ಎದೆ ತಟ್ಟಿದಳು. “ನನ್ ತಮ್ಮನ ಗಾಡಿ ಅಂದ್ರೆ ಅದು!”

“ಅದೇ ನಾನೂ ಕೇಳೋದು. ಟೈರು ಊರಿಗೇ ಕೇಳಂಗೆ ಕಿರುಚ್ತದೆ ಅಂದ್ರಿ. ನಾನು ಬಾಗ್ಲಲ್ಲೇ ನಿಂತಿದ್ದೆ. ಕಾರೂ ಕಾಣ್ಲಿಲ್ಲ, ಸದ್ದೂ ಕೇಳ್ಲಿಲ್ಲ.”

ಪಂಕ್ತಿಯೇ ಕೈ ತಡೆದು ನಮ್ಮ ಕಡೆ ತಿರುಗಿತು. ಯಜಮಾನರ ಕೈಯ ಒಬ್ಬಟ್ಟು ಬಾಯಿಗೂ ಎಲೆಗೂ ನಡುವೆ ನಿಂತಿತು. ಅಕ್ಕಯಮ್ಮನ ಮುಖ ಬಿಳಿಚಿತು. ಎದುರು ಸಾಲಿನಲ್ಲಿ ಕಾವೇರಮ್ಮ ತಲೆ ತಗ್ಗಿಸಿ ಎಲೆಯನ್ನೇ ನೋಡತೊಡಗಿದರು. ಆಗ ವಿಮಾನ ಕಾರ್ಖಾನೆಯ ಅನ್ನ ತಿಂದ, ಅಲ್ಲ, ಬಡಿಸಿದ, ಈ ದೇಹ ಎದ್ದು ನಿಂತಿತು.

“ದೊಡ್ಡಪ್ಪನೋರೇ, ನಮ್ ತಿಪ್ಪಸಂದ್ರದ ಮೇಲೆ ಜೆಟ್ ವಿಮಾನ ಹೋಗೋದು ನೋಡಿದ್ದೀರಾ?”

“ನೋಡದೆ ಏನು? ದಿನಾ ಹೋಗ್ತವೆ.”

“ಮೊದ್ಲು ಏನ್ ಹೋಗುತ್ತೆ? ವಿಮಾನಾನೋ, ಸದ್ದೋ?”

ಅವರು ಯೋಚಿಸಿದರು. ಈ ಕಡೆಯ ಜನ ತೊಟ್ಟಿಲಲ್ಲೇ ಕಂಡ ವಿಜ್ಞಾನ ಅದು. ತಲೆ ಎತ್ತಿ ಸದ್ದು ಬಂದ ಕಡೆ ನೋಡಿದರೆ ವಿಮಾನ ಆಗಲೇ ಮುಂದೆ ಹೋಗಿರುತ್ತದೆ.

“ವಿಮಾನ ಮೊದ್ಲು. ಸದ್ದು ಹಿಂದಿಂದ ಬರ್ತದೆ.”

“ಅಷ್ಟೇ. ವಿಪರೀತ ವೇಗ ಆದ್ರೆ ಸದ್ದು ಹಿಂದೆ ಬೀಳುತ್ತೆ. ಟ್ರಾಫಿಕ್ ಬೇರೆ ಇದೆ. ಬರುತ್ತೆ, ಊಟ ಮಾಡಿ” ಎಂದು ಕೂತೆ.

ಯಾರಾದರೂ ನಕ್ಕಾರೆಂದು ಕಾದೆ. ನೂರಾರು ಜನರಲ್ಲಿ ಒಬ್ಬನಾದರೂ ನಗಬೇಡವೆ? ಎಲ್ಲರೂ ಗಂಭೀರವಾಗಿ ತಲೆದೂಗಿದರು. ದೊಡ್ಡಪ್ಪನೂ ಸೇರಿ. ಒಬ್ಬಟ್ಟಿನ ಮೇಲೆ ತುಪ್ಪ ಬಿತ್ತು. ಕೋಸಂಬರಿ ಎರಡನೇ ಸುತ್ತು ಬಂತು. ಅನ್ನ ಮುಗಿದು ಮಜ್ಜಿಗೆ ಬಡಿಸುತ್ತಿದ್ದರು. ಅಷ್ಟು ಹೊತ್ತಿಗೆ ಸ್ಟೆಪ್ನಿ ಹಾಕಿಕೊಂಡು ಹೊರಟಿದ್ದ ಹುಸೇನಪ್ಪ, ಉಳಿದ ಮೂರು ಟೈರುಗಳ ಮೆತ್ತನೆ ಹೊಟ್ಟೆಯ ಸಮೇತ, ಮಂಟಪದ ನೆಲಮಾಳಿಗೆಗೆ ಇಳಿದು ಹಸಿರು ನೆಲದ ಮೇಲೆ ಮೊದಲ ತಿರುವು ತೆಗೆದುಕೊಂಡ.

ಕೀಈಈಈಈಚ್!

ಮಜ್ಜಿಗೆಯ ಲೋಟಗಳು ನಡುಗಿದವು.

“ಬಂತು ನೋಡ್ರಪ್ಪೋ!” ಎಂದು ಅಕ್ಕಯಮ್ಮ ಎರಡೂ ಕೈ ಎತ್ತಿದಳು. “ನನ್ ತಮ್ಮನ ಸದ್ದು ಈಗ್ ಬಂತು!”

ಗಂಡಿನ ದೊಡ್ಡಪ್ಪ ಎಂಜಲು ಕೈಯಲ್ಲೇ ಎದ್ದು ಯಜಮಾನರಿಗೆ ನಮಸ್ಕಾರ ಮಾಡಿದರು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಚಪ್ಪಾಳೆ. ಕಾವೇರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನನ್ನನ್ನು ಸುಡುವಂತೆ ನೋಡಿ, ಕೈ ತೊಳೆಯಲು ಎದ್ದುಹೋದರು.

ಗದ್ದಲ ತಗ್ಗಿದ ಮೇಲೆ ಯಜಮಾನರು ಮೆಲ್ಲಗೆ ನನ್ನ ಕಿವಿಗೆ ಬಾಗಿದರು. ಕಣ್ಣು ಅಗಲವಾಗಿತ್ತು. ದನಿಯಲ್ಲಿ ನಿಜವಾದ ಭಯಭಕ್ತಿ.

“ಶ್ರೀನಾಥ್, ಅಷ್ಟೊಂದು ಸ್ಪೀಡಾಗಿ ಬಂದ್ವೇನ್ರೀ ನಾವು?”